ಬೂದಿ ಬಣ್ಣದ ಹೇಂಟೆ: ಕಾಡು ಟರ್ಕಿಗಳ ಹಿಂಡಿನಲ್ಲಿ ಬೇರೆ ಬಣ್ಣದ ಹಕ್ಕಿ ಹುಡುಕುವ ಬಗ್ಗೆ

(ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕನ್ನಡಿಗರ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು, ಬರಹಕ್ಕೆ ಇಳಿಸಿದ್ದು.)

ಮೊದಲು ಎರಡು ಗರಿ ಕೈಯಿಂದ ಕೈಗೆ ದಾಟಿಸುತ್ತೇನೆ. ಎರಡೂ ಟರ್ಕಿ ಕೋಳಿಯ ಮೈ ಗರಿಗಳೇ. ಒಂದು ಮಾಮೂಲಿ ಹಕ್ಕಿಯದು, ಇನ್ನೊಂದು ಅಲ್ಲ. ಯಾವುದು ಯಾವುದು ಅಂತ ಹೇಳುವ ಅಗತ್ಯವೇ ಇಲ್ಲ, ಕೈಗೆ ಬಂದ ಕೂಡಲೇ ಗೊತ್ತಾಗುತ್ತದೆ. ಕಿಟಕಿ ಹತ್ತಿರ ಕೂತವರು ಕಪ್ಪು ಗರಿಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಓರೆ ಮಾಡಿ ನೋಡಿ. ಆಮೇಲೆ ಅದರ ಬಗ್ಗೆ ಮಾತಾಡೋಣ.

ಕೆಲವರ ಮುಖದಲ್ಲಿ ಒಂದು ಪ್ರಶ್ನೆ ಕಾಣುತ್ತಿದೆ. ಈ ದೇಶದಲ್ಲಿ ಹಕ್ಕಿ ಗರಿ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ ಅಲ್ವಾ? ಬಹುಪಾಲು ಹಕ್ಕಿಗಳ ಮಟ್ಟಿಗೆ ಹೌದು. 1918ರ ವಲಸೆ ಹಕ್ಕಿಗಳ ಕಾಯಿದೆ ಇದೆ, ಕಾಗೆ ಗರಿ ಕೂಡ ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ಟರ್ಕಿ ವಲಸೆ ಹೋಗುವ ಹಕ್ಕಿ ಅಲ್ಲ, ಆ ಕಾಯಿದೆಯ ಪಟ್ಟಿಯಲ್ಲಿ ಅದಿಲ್ಲ. ಹಾಗಾಗಿ ಯಾರೂ ಹೆದರಬೇಡಿ. ಗರಿ ಮಾತ್ರ ವಾಪಸ್ ಬರಬೇಕು.

ನಾನು ಹಕ್ಕಿಗಳ ಬಗ್ಗೆ ಓದಿ ಡಿಗ್ರಿ ಮಾಡಿದವನಲ್ಲ. ಹಗಲೆಲ್ಲ ಡೇಟಾಬೇಸ್ ಜತೆ ಗುದ್ದಾಡುವವನು. ಊರು ಪುತ್ತೂರು ಕಡೆ. ನಮ್ಮ ಕಡೆ ಕೋಳಿ ಅಂಕಕ್ಕೆ ಹೋಗುವವರಿಗೆ ಹುಂಜದ ಬಣ್ಣವೇ ಅದರ ಹೆಸರು. ಬೊಳ್ಳೆ, ಉರಿಯೆ, ಕೆಮ್ಮೈರೆ, ಹೀಗೆ ತುಳುವಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಹೆಸರು. ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆ ಅಂತ ನೋಡುವುದಕ್ಕೆ ಪಂಚಾಂಗವೇ ಇದೆ. ನನ್ನ ಅಜ್ಜ ಅಂಕಕ್ಕೆ ಹೋದವರಲ್ಲ. ಆದರೂ ಸಂಜೆ ಕೋಳಿ ಗೂಡಿಗೆ ಹಾಕುವಾಗ ಜಗಲಿಯಲ್ಲಿ ಕೂತಲ್ಲಿಂದಲೇ "ಆ ಕೆಮ್ಮೈರೆ ಒಳಗೆ ಬಂದಿಲ್ಲ ನೋಡು" ಅನ್ನುತ್ತಿದ್ದರು. ಎಣಿಸುತ್ತಿರಲಿಲ್ಲ. ಅಂಗಳದ ಬಣ್ಣಗಳಲ್ಲಿ ಒಂದು ಕಮ್ಮಿ ಇದ್ದರೆ ಅವರಿಗೆ ತಿಳಿಯುತ್ತಿತ್ತು.

ಅಂಥ ಮನೆಯಲ್ಲಿ ಬೆಳೆದ ನಾನು ಇಲ್ಲಿಗೆ ಬಂದ ಮೊದಲ ನಾಲ್ಕೈದು ವರ್ಷ ಟರ್ಕಿ ಹಿಂಡು ಕಂಡರೆ "ಓ, ಟರ್ಕಿ" ಅಂದುಕೊಂಡು ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ನೀವೂ ಹಾಗೇ ಮಾಡುತ್ತೀರಿ, ನಿಜ ಹೇಳಿ. ರಸ್ತೆಗೆ ಅಡ್ಡ ನಿಂತು ಟ್ರಾಫಿಕ್ ನಿಲ್ಲಿಸಿದರೆ ಹಾರ್ನ್ ಹೊಡೆಯುತ್ತೀರಿ, ಅಷ್ಟೇ.

ಇವು ಇಲ್ಲಿ ಇಷ್ಟು ಇರುವುದೇ ಒಂದು ಸೋಜಿಗ. ಈ ರಾಜ್ಯದಲ್ಲಿ ಕಾಡು ಟರ್ಕಿ ಒಂದೂ ಉಳಿಯದ ಕಾಲ ಇತ್ತು. ಕಾಡು ಕಡಿದು ಹೊಲ ಮಾಡಿದರು, ಉಳಿದದ್ದನ್ನು ಹೊಡೆದು ತಿಂದರು. 1851ರಲ್ಲಿ ಮೌಂಟ್ ಟಾಮ್ ಬೆಟ್ಟದಲ್ಲಿ ಕಂಡದ್ದೇ ಕೊನೆ. ಆಮೇಲೆ ನೂರಿಪ್ಪತ್ತು ವರ್ಷ ಏನೂ ಇಲ್ಲ. ನಡುವೆ ಫಾರ್ಮ್‌ನಲ್ಲಿ ಸಾಕಿದ ಹಕ್ಕಿ ತಂದು ಬಿಟ್ಟು ನೋಡಿದರು, ಅವು ಬದುಕಲಿಲ್ಲ. ಕೊನೆಗೆ 1972-73ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾಡಿನಿಂದ 37 ಹಕ್ಕಿ ಹಿಡಿದು ತಂದು ಬರ್ಕ್‌ಶೈರ್ ಬೆಟ್ಟಗಳಲ್ಲಿ ಬಿಟ್ಟರು. ಬರೀ 37. ಅವು ಹೆಚ್ಚಿಕೊಂಡ ಮೇಲೆ ಅಲ್ಲಿಂದ ಹಿಡಿದು ಬೇರೆ ಕಡೆಗಳಿಗೆ ಹಂಚಿದರು. ಈಗ ರಾಜ್ಯದಲ್ಲಿ 25,000ಕ್ಕೂ ಜಾಸ್ತಿ ಇವೆ. ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ ಫುಟ್‌ಪಾತ್ ಮೇಲೆ ಹೋಗುವವರನ್ನು ಅಟ್ಟಿಸಿಕೊಂಡು ಬರುವಷ್ಟು ಧೈರ್ಯ ಬಂದಿದೆ ಅವಕ್ಕೆ.

ಸರಿ, ಬಣ್ಣಕ್ಕೆ ಬರೋಣ. ಬೇರೆ ಬಣ್ಣದ್ದು ಕಾಣಬೇಕಾದರೆ ಮೊದಲು ಮಾಮೂಲಿಯದು ಕಣ್ಣಿಗೆ ಚೆನ್ನಾಗಿ ಕೂರಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು, ಆ ಕಥೆ ಆಮೇಲೆ ಹೇಳುತ್ತೇನೆ.

ಇಲ್ಲಿ ಸಿಗುವ ಟರ್ಕಿಗೆ ಈಸ್ಟರ್ನ್ ಅನ್ನುತ್ತಾರೆ. ದೊಡ್ಡ ಹುಂಜ ಏಳರಿಂದ ಹತ್ತು ಕಿಲೋ ತೂಗುತ್ತದೆ, ಹೇಂಟೆ ಅದರ ಅರ್ಧ. ದೂರಕ್ಕೆ ಹುಂಜ ಕಪ್ಪು, ಹೇಂಟೆ ಕಂದು. ಬೈನಾಕ್ಯುಲರ್‌ನಲ್ಲಿ ಎದೆ ಗರಿ ನೋಡಿ: ಹುಂಜದ ಗರಿಯ ತುದಿ ಕಪ್ಪು, ಹೇಂಟೆಯದು ಗೋಧಿ ಬಣ್ಣ. ಗಂಡು ಹೆಣ್ಣು ಗುರುತಿಸುವುದಕ್ಕೆ ಇದೇ ನಂಬಿಕೆಯ ಗುರುತು. ಎದೆಯಿಂದ ಜೋತಾಡುವ ಗಡ್ಡ ನೋಡಿ ಹುಂಜ ಅಂದುಬಿಡಬೇಡಿ, ಹತ್ತರಲ್ಲೊಂದು ಹೇಂಟೆಗೂ ಗಡ್ಡ ಬರುತ್ತದೆ. ರೆಕ್ಕೆಯ ಉದ್ದ ಗರಿಗಳಲ್ಲಿ ಕಪ್ಪು ಬಿಳಿ ಅಡ್ಡಪಟ್ಟೆ ಇರುತ್ತದೆ, ರೈಲ್ವೆ ಗೇಟಿನ ಕಂಬಕ್ಕೆ ಬಳಿದ ಹಾಗೆ. ಬಾಲದ ತುದಿಯಲ್ಲಿ ಕಂದು ಪಟ್ಟಿ, ಹುರಿದ ಕಾಫಿ ಬೀಜಕ್ಕಿಂತ ಸ್ವಲ್ಪ ತಿಳಿ. ರೆಕ್ಕೆಯ ಪಟ್ಟೆ, ಬಾಲದ ಅಂಚು, ಎದೆ ಗರಿಯ ತುದಿ, ಈ ಮೂರನ್ನು ನೋಡುವ ಅಭ್ಯಾಸ ಆದರೆ ಮುಕ್ಕಾಲು ಕೆಲಸ ಆದ ಹಾಗೆ.

ತಲೆಯ ಬಣ್ಣವನ್ನು ಲೆಕ್ಕಕ್ಕೇ ತಗೋಬೇಡಿ. ಅದು ಚರ್ಮ, ಗರಿ ಅಲ್ಲ. ಹುಂಜದ ತಲೆ ಐದು ನಿಮಿಷದಲ್ಲಿ ಕೆಂಪಿಂದ ನೀಲಿಗೆ, ನೀಲಿಯಿಂದ ಬಿಳಿಗೆ ಹೋಗುತ್ತದೆ, ಅದರ ಸಿಟ್ಟು ಆಸೆ ಹೇಗಿದೆಯೋ ಹಾಗೆ. ಇದನ್ನು ಗಮನಿಸಿದವರಲ್ಲಿ ನಮ್ಮ ದೇಶದ ಒಬ್ಬ ದೊರೆಯೂ ಇದ್ದಾನೆ. 1612ರಲ್ಲಿ ಮುಕರ್ರಬ್ ಖಾನ್ ಅನ್ನುವ ಅಧಿಕಾರಿ ಗೋವಾದ ಪೋರ್ಚುಗೀಸರ ಹತ್ತಿರ ಟರ್ಕಿ ಕೋಳಿ ಕೊಂಡು ಜಹಾಂಗೀರನಿಗೆ ತಂದುಕೊಟ್ಟ. ಜಹಾಂಗೀರ ತನ್ನ ದಿನಚರಿಯಲ್ಲಿ ಅದರ ತಲೆ ಗೋಸುಂಬೆ ತರಹ ಬಣ್ಣ ಬದಲಿಸುತ್ತದೆ ಅಂತ ಬೆರಗಾಗಿ ಬರೆದಿದ್ದಾನೆ. ಆಸ್ಥಾನದ ಕಲಾವಿದ ಮನ್ಸೂರ್ ಬಿಡಿಸಿದ ಅದರ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಹೆಸರಿನ ಗೊಂದಲ ಇನ್ನೂ ತಮಾಷೆ. ಇಂಗ್ಲಿಷಿನವರು ಇದು ಟರ್ಕಿ ದೇಶದ್ದು ಅಂದುಕೊಂಡರು, ಟರ್ಕಿಯವರು ಇದು ಹಿಂದೂಸ್ತಾನದ್ದು ಅಂದುಕೊಂಡು ಇವತ್ತಿಗೂ 'ಹಿಂದಿ' ಅನ್ನುತ್ತಾರೆ. ಹಕ್ಕಿ ಎರಡೂ ಕಡೆಯದಲ್ಲ, ಸಾಕು ಟರ್ಕಿಯ ಮೂಲ ಮೆಕ್ಸಿಕೊ.

ಕಪ್ಪು ಗರಿ ಎಲ್ಲಿಗೆ ಬಂತು? ಓರೆ ಮಾಡಿದಾಗ ತಾಮ್ರ, ಹಸಿರು, ಒಂದು ಕಡೆಯಿಂದ ಸ್ವಲ್ಪ ನೇರಳೆ ಕಂಡಿತು ಅಲ್ವಾ? ಆ ಬಣ್ಣ ಆ ಗರಿಯಲ್ಲಿ 'ಇಲ್ಲ'. ಅಲ್ಲಿರುವುದು ಕಪ್ಪು ಕಂದು ಮೆಲನಿನ್ ಮಾತ್ರ, ನಮ್ಮ ಕೂದಲಲ್ಲಿ ಇರುವಂಥದ್ದೇ. ಆ ಮೆಲನಿನ್ ಸಣ್ಣ ಸಣ್ಣ ಕಡ್ಡಿಗಳ ಹಾಗೆ ಸಾಲಾಗಿ ಜೋಡಿಸಿಕೊಂಡಿರುತ್ತದೆ, ಟರ್ಕಿಯಲ್ಲಂತೂ ಆ ಕಡ್ಡಿಗಳು ಒಳಗೆ ಟೊಳ್ಳು. ಬೆಳಕು ಅದರ ಮೇಲೆ ಬಿದ್ದು ಒಡೆದು ವಾಪಸ್ ಬರುವಾಗ ಹೊಳೆಯುತ್ತದೆ. ನವಿಲುಗರಿಯಲ್ಲೂ ಹೀಗೇ, ಸೋಪಿನ ಗುಳ್ಳೆಯಲ್ಲೂ ಹೆಚ್ಚುಕಮ್ಮಿ ಹೀಗೇ. ಹಾಗಾಗಿ ಒಂದೇ ಹುಂಜ ಬೆಳಗಿನ ಬಿಸಿಲಲ್ಲಿ ಹಿತ್ತಾಳೆ ಚೊಂಬಿನ ಹಾಗೆ ಮಿಂಚುತ್ತದೆ, ಹತ್ತು ಹೆಜ್ಜೆ ನಡೆದು ಪೈನ್ ಮರದ ನೆರಳಿಗೆ ಹೋದರೆ ಇದ್ದಿಲು. ಮಳೆಯಲ್ಲಿ ನೆಂದಾಗ ಇನ್ನೂ ಕಪ್ಪು. "ಅಪರೂಪದ ಕಪ್ಪು ಟರ್ಕಿ ಸಿಕ್ಕಿತು" ಅಂತ ಫೋಟೊ ಕಳಿಸುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಎಷ್ಟು ಹೊತ್ತಿಗೆ ತೆಗೆದದ್ದು, ಬಿಸಿಲಿತ್ತಾ?

ಈಗ ಇನ್ನೊಂದು ಗರಿ. ಅದರ ಮೈ ಬೆಳ್ಳಗೆ ಬೂದಿ, ತುದಿಯಲ್ಲಿ ಮಾತ್ರ ಕಪ್ಪು ಕಂದು ಗೆರೆ. ಓರೆ ಮಾಡಿದರೂ ಹೊಳೆಯುವುದಿಲ್ಲ. ಮೆಲನಿನ್ ಇಲ್ಲದ ಕಡೆ ಬೆಳಕಿಗೆ ಆಟ ಆಡುವುದಕ್ಕೆ ಏನೂ ಇಲ್ಲವಲ್ಲ.

ಆ ಗರಿಯ ಹಕ್ಕಿಯನ್ನು ನಾನು ಮೊದಲು ನೋಡಿದ್ದು ಒಂದು ಫೆಬ್ರವರಿ ಬೆಳಗ್ಗೆ. ಮನೆ ವೂಸ್ಟರ್ ಹತ್ತಿರ, ಹಿಂದುಗಡೆ ಓಕ್ ಮರಗಳ ತೋಪು, ಅದರಾಚೆ ಒಂದು ಡೇರಿ ಫಾರ್ಮಿನ ಜೋಳದ ಹೊಲ. ಮೊಣಕಾಲುದ್ದ ಹಿಮ. ಅಡುಗೆಮನೆ ಕಿಟಕಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಹದಿನಾಲ್ಕು ಟರ್ಕಿಗಳು ಸಾಲಾಗಿ ಬಂದವು. ಹಿಮದಲ್ಲಿ ಅವು ಹಾಗೇ ನಡೆಯುತ್ತವೆ, ಮುಂದಿನದು ದಾರಿ ಮಾಡುತ್ತದೆ, ಹಿಂದಿನವು ಅದರ ಹೆಜ್ಜೆಯಲ್ಲೇ ಹೆಜ್ಜೆ ಇಡುತ್ತವೆ. ಎಣಿಸಿದೆ, ಹದಿಮೂರು. ಮತ್ತೆ ಎಣಿಸಿದೆ, ಹದಿನಾಲ್ಕು. ಮೂರನೇ ಸಲ ಹದಿಮೂರು. ಕಣ್ಣಿಗೇನೋ ಆಗಿದೆ ಅಂದುಕೊಂಡೆ. ಆಮೇಲೆ ಹಿಮದ ಒಂದು ತುಂಡು ಕತ್ತೆತ್ತಿ ನೋಡಿತು.

ಹೇಂಟೆ ಅದು. ಮೈಯೆಲ್ಲ ಒಲೆ ಬೂದಿಯ ಬಣ್ಣ. ಎದೆಯ ಮೇಲೆ ಒಂದೊಂದು ಗರಿಯ ಅಂಚೂ ಕಪ್ಪು, ದೂರಕ್ಕೆ ಮೀನಿನ ಹುರುಪೆ ಥರ ಕಾಣುತ್ತಿತ್ತು. ಕಾಲು ಮಾತ್ರ ಉಳಿದವುಗಳ ಹಾಗೇ ಗುಲಾಬಿ. ನಾನು ಫೋಟೊ ತೆಗೆದು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದೆ, "ಆಲ್ಬಿನೊ ಟರ್ಕಿ", ಅಂದರೆ ಮೈಯಲ್ಲಿ ಬಣ್ಣವೇ ಇಲ್ಲದ್ದು, ಅಂತ. ನಮ್ಮ ಪಕ್ಕದ ಮನೆಯ ಮುದುಕ, ನಲವತ್ತು ವರ್ಷ ಬೇಟೆ ಆಡಿದವನು, ಫೋಟೊ ನೋಡಿ ಒಂದೇ ಮಾತು ಕೇಳಿದ, "ಕಣ್ಣು ಯಾವ ಬಣ್ಣ?" ಫೋಟೊ ದೊಡ್ಡದು ಮಾಡಿ ನೋಡಿದೆವು. ಕಪ್ಪು. "ಹಾಗಾದರೆ ಆಲ್ಬಿನೊ ಅಲ್ಲ, ಸ್ಮೋಕಿ" ಅಂದ.

ಇದನ್ನು ಇಲ್ಲಿನವರು ಸ್ಮೋಕ್ ಫೇಸ್ ಅನ್ನುತ್ತಾರೆ. ಈ ಫೇಸ್ ಮುಖ ಅಲ್ಲ, ಹಂತ. ಹಾಗಂದ ಕೂಡಲೇ ಕೆಲವು ದಿನ ಈ ಬಣ್ಣ, ಆಮೇಲೆ ಸರಿಹೋಗುತ್ತದೆ ಅಂತ ಅನಿಸುತ್ತದೆ. ಹಾಗಲ್ಲ. ಹುಟ್ಟಿದ ಬಣ್ಣವೇ ಸಾಯುವ ತನಕ. ಗರಿ ಉದುರಿ ಹೊಸದು ಬಂದರೂ ಮತ್ತೆ ಬೂದಿಯೇ. ಕಾಡು ಟರ್ಕಿಗಳ ಬೇರೆ ಬಣ್ಣಗಳಲ್ಲಿ ನಿಮಗೆ ಸಿಗುವ ಸಾಧ್ಯತೆ ಇರುವುದು ಇದೊಂದೇ ಅಂದರೂ ತಪ್ಪಿಲ್ಲ, ಉಳಿದವು ಇನ್ನೂ ಅಪರೂಪ.

ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ಸ್ಮೋಕಿಗಳಲ್ಲಿ ಹೇಂಟೆಗಳೇ ಜಾಸ್ತಿ ಕಾಣುತ್ತವೆ. ಯಾಕೆ ಅನ್ನುವುದಕ್ಕೆ ಒಂದು ವಿವರಣೆ ಇದೆ, ಸ್ವಲ್ಪ ಸೈನ್ಸ್ ಕ್ಲಾಸ್ ಆಗುತ್ತದೆ, ಎರಡು ನಿಮಿಷ ತಡೆದುಕೊಳ್ಳಿ. ನಮ್ಮಲ್ಲಿ ಹೆಣ್ಣಿಗೆ ಎರಡು ಎಕ್ಸ್ ಕ್ರೋಮೋಸೋಮ್, ಗಂಡಿಗೆ ಒಂದು ಎಕ್ಸ್ ಒಂದು ವೈ. ಹಕ್ಕಿಗಳಲ್ಲಿ ಉಲ್ಟಾ. ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದು ಝಡ್ ಒಂದು ಡಬ್ಲ್ಯೂ. ಬಣ್ಣ ಮಸುಕು ಮಾಡುವ ಗುಣ ಝಡ್ ಮೇಲೆ ಕೂತಿದೆ, ಮತ್ತು ಅದು ಸುಮ್ನೆ ಅಡಗಿಕೊಂಡಿರುವ ಜಾತಿಯದು ಅಂತ ಇಟ್ಟುಕೊಳ್ಳಿ. ಹುಂಜದಲ್ಲಿ ಒಂದು ಝಡ್ ಹಾಳಾದರೂ ಇನ್ನೊಂದು ಕಾಪಾಡುತ್ತದೆ, ಮೈ ಮೇಲೆ ಏನೂ ಕಾಣುವುದಿಲ್ಲ. ಹೇಂಟೆಗೆ ಇರುವುದೇ ಒಂದು, ಹಾಗಾಗಿ ಇದ್ದದ್ದು ಕಂಡೇ ಕಾಣುತ್ತದೆ. ಸಾಕು ಟರ್ಕಿಗಳಲ್ಲಿ ಇಂಥ ಝಡ್ ಮೇಲಿನ ಬಣ್ಣಗಳು ನಿಜವಾಗಿಯೂ ಇವೆ. ಪಕ್ಕದ ರೋಡ್ ಐಲೆಂಡ್‌ನ ಹಳೆ ತಳಿ ನಾರಗ್ಯಾನ್‌ಸೆಟ್‌ನ ಬೂದಿ ಬಣ್ಣ ಬರುವುದೇ ಹೀಗೆ. ಕಾಡಿನ ಸ್ಮೋಕಿಯೂ ಯಾವುದೋ ಕಾಲದಲ್ಲಿ ಸಾಕು ಟರ್ಕಿ ಜತೆ ಬೆರೆತದ್ದರಿಂದ ಬಂದದ್ದು ಅನ್ನುವವರಿದ್ದಾರೆ. ಇಲ್ಲ, ಕಾಡಿನಲ್ಲೇ ತಾನಾಗಿ ಹುಟ್ಟುತ್ತದೆ ಅನ್ನುವವರೂ ಇದ್ದಾರೆ. ನನಗೆ ಎರಡೂ ಇರಬಹುದು ಅನಿಸುತ್ತದೆ.

ಈ ಲೆಕ್ಕದಲ್ಲಿ ಒಂದು ಮಜಾ ಇದೆ. ಮಗಳಿಗೆ ಅಮ್ಮನ ಝಡ್ ಹೋಗುವುದಿಲ್ಲ, ಡಬ್ಲ್ಯೂ ಹೋಗುತ್ತದೆ. ಅಮ್ಮನ ಝಡ್ ಹೋಗುವುದು ಮಗನಿಗೆ. ಮಗ ನೋಡುವುದಕ್ಕೆ ಮಾಮೂಲಿ. ಅವನ ಹೆಣ್ಣುಮರಿಗಳಲ್ಲಿ ಮಾತ್ರ ಆ ಬೂದಿ ಮತ್ತೆ ಹೊರಗೆ ಬರಬಹುದು. ಅಂದರೆ ಅಜ್ಜಿಯ ಬಣ್ಣ ಒಂದು ತಲೆಮಾರು ಹಾರಿ ಮೊಮ್ಮಗಳಿಗೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಈಗ ಪೆಟ್ಟು ತಿಂದ ಕಥೆ. ಸ್ಮೋಕಿ ಸಿಕ್ಕಿದ ಮೇಲೆ ನನಗೆ ತಲೆ ತಿರುಗಿತ್ತು. ಬೈನಾಕ್ಯುಲರ್ ತಗೊಂಡೆ, ಓಕ್ ಮರಕ್ಕೆ ಟ್ರೈಲ್ ಕ್ಯಾಮೆರಾ ಕಟ್ಟಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಹೊಲದ ಅಂಚಿನಲ್ಲಿ ಒಂದು ಕೆಂಪು ಟರ್ಕಿ ಕಂಡಿತು. ಕೆಂಪು ಅಂದರೆ ನಿಜವಾದ ಕೆಂಪು, ನಮ್ಮೂರ ಜಂಬಿಟ್ಟಿಗೆ ಕಲ್ಲಿನ ಬಣ್ಣ. ಓದಿಕೊಂಡಿದ್ದೆನಲ್ಲ, ಎರಿಥ್ರಿಟಿಕ್ ಅಂತ ಒಂದಿದೆ, ಕಪ್ಪು ಮೆಲನಿನ್ ಕಮ್ಮಿಯಾಗಿ ಕೆಂಪು ಕಂದು ಮಾತ್ರ ಉಳಿಯುವುದು, ಬಹಳ ಬಹಳ ಅಪರೂಪ. ಎರಡು ವಾರ ನಾನು ಊರೆಲ್ಲ ಡಂಗುರ ಹೊಡೆದೆ. ನಿಮ್ಮಲ್ಲೇ ಇಬ್ಬರು ಮೂವರು ಬಂದು ನೋಡಿ ಹೋಗಿದ್ದೀರಿ, ನಗಬೇಡಿ. ನನ್ನ ಹೆಂಡತಿ ಮೊದಲ ದಿನವೇ ಹೇಳಿದ್ದಳು, "ಅದು ನಮ್ಮನ್ನು ನೋಡಿ ಓಡುವುದೇ ಇಲ್ಲವಲ್ಲ." ಕಾಡಿನ ಹಕ್ಕಿಗೂ ಜನ ಅಭ್ಯಾಸ ಆಗಿರುತ್ತದೆ ಅಂತ ನಾನೇ ಅವಳಿಗೆ ಪಾಠ ಹೇಳಿದೆ. ಮೂರನೇ ವಾರ ಕೆಳಗಿನ ರಸ್ತೆಯ ಒಬ್ಬ ರೈತ ಬಕೆಟ್‌ನಲ್ಲಿ ಜೋಳ ಹಿಡಿದುಕೊಂಡು ಬಂದು ಬಕೆಟ್ ಅಲ್ಲಾಡಿಸಿದ. ಆ ಅಪರೂಪದ ಹಕ್ಕಿ ಓಡಿಬಂದು ಅವನ ಕಾಲ ಹತ್ತಿರ ನಿಂತಿತು. ಕಂಕುಳಲ್ಲಿ ಎತ್ತಿಕೊಂಡು ನನಗೆ ಥ್ಯಾಂಕ್ಸ್ ಹೇಳಿ ಹೋದ.

ಅದು ಬೂರ್ಬನ್ ರೆಡ್. ಕೆಂಟಕಿಯ ಬೂರ್ಬನ್ ಕೌಂಟಿಯ ಹೆಸರು ಹೊತ್ತ ಸಾಕು ತಳಿ. ಮೈ ಕೆಂಪು, ರೆಕ್ಕೆಯ ಉದ್ದ ಗರಿ ಬಿಳಿ, ಬಾಲವೂ ಬಿಳಿ. ಆಗ ನಾನು ತೆಗೆದ ಎಂಬತ್ತು ಫೋಟೊಗಳಲ್ಲಿ ಒಂದೊಂದರಲ್ಲೂ ಆ ಬಿಳಿ ರೆಕ್ಕೆ ಬಿಳಿ ಬಾಲ ಸ್ಪಷ್ಟವಾಗಿ ಕಾಣುತ್ತಿದೆ. ನಾನು ಮೈಯ ಕೆಂಪು ನೋಡಿಯೇ ಮೈಮರೆತೆ, ರೆಕ್ಕೆ ಬಾಲ ನೋಡಲೇ ಇಲ್ಲ. ಮೂರು ಜಾಗ ನೋಡಿ ಅಂತ ಮೊದಲೇ ಹೇಳಿದ್ದು ಇದಕ್ಕೆ.

ಸಾಕು ಟರ್ಕಿ ತಪ್ಪಿಸಿಕೊಂಡು ಕಾಡಿನ ಹಿಂಡು ಸೇರುವುದು ಹೊಸದೇನಲ್ಲ. ಎರಡೂ ಒಂದೇ ಜಾತಿ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಮೆಕ್ಸಿಕೊದವರು ಅಲ್ಲಿನ ಕಾಡು ಟರ್ಕಿಯನ್ನು ಸಾಕಿದರು, 1500ರ ನಂತರ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು, 1600ರ ನಂತರ ಇಂಗ್ಲಿಷರು ವಾಪಸ್ ಈ ಕರಾವಳಿಗೆ ತಂದರು, ಇಲ್ಲಿ ಅದು ಈಸ್ಟರ್ನ್ ಟರ್ಕಿ ಜತೆ ಕೂಡಿ ಹೊಸ ತಳಿಗಳು ಬಂದವು. ಅಟ್ಲಾಂಟಿಕ್ ಎರಡು ಸಲ ದಾಟಿದ ಹಕ್ಕಿ, ನಮಗಿಂತ ಜಾಸ್ತಿ ವೀಸಾ ಬೇಕಿತ್ತು ಅದಕ್ಕೆ. ಸಾಕುವವರು ಬೇಕಾದ ಬಣ್ಣ ಆರಿಸಿ ಆರಿಸಿ ಉಳಿಸಿಕೊಂಡರು: ರಾಯಲ್ ಪಾಮ್ ಅಂದರೆ ಬಿಳಿ ಮೈಗೆ ಕಪ್ಪು ಅಂಚು, ಸ್ಲೇಟ್ ಅಂದರೆ ನೀಲಿ ಬೂದಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಂಗಡಿಯಲ್ಲಿ ಬರುವುದೆಲ್ಲ ಬಿಳಿ ಟರ್ಕಿ. ಯಾಕೆ ಬಿಳಿ ಗೊತ್ತಾ? ಪುಕ್ಕ ಕಿತ್ತ ಮೇಲೆ ಚರ್ಮದ ಮೇಲೆ ಕಪ್ಪು ಚುಕ್ಕೆ ಉಳಿಯುವುದಿಲ್ಲ, ಗಿರಾಕಿಗೆ ಚೆನ್ನಾಗಿ ಕಾಣುತ್ತದೆ. ಅಷ್ಟೇ ಕಾರಣ.

ಅದರಲ್ಲೂ ರಾಯಲ್ ಪಾಮ್ ಬಹಳ ಮೋಸ ಮಾಡುತ್ತದೆ, ದೂರಕ್ಕೆ ಸ್ಮೋಕಿಯಂತೆಯೇ. ಸ್ಮೋಕಿಯದು ಸ್ವಲ್ಪ ಕೊಳಕು ಬಿಳಿ, ಅಲ್ಲಲ್ಲಿ ಕಂದು ಮಿಶ್ರ, ಯಾರೋ ಒರಟು ಬ್ರಷ್‌ನಲ್ಲಿ ಬಳಿದ ಹಾಗೆ. ರಾಯಲ್ ಪಾಮ್‌ನದು ಇಸ್ತ್ರಿ ಮಾಡಿದ ಹಾಗೆ, ಶುದ್ಧ ಬಿಳಿ, ಚೊಕ್ಕ ಕಪ್ಪು ಗೆರೆ. ಅನುಮಾನ ಬಂದರೆ ಸಂಜೆ ತನಕ ಕಾಯಿರಿ. ಕಾಡು ಟರ್ಕಿ ಕತ್ತಲಾಗುವ ಹೊತ್ತಿಗೆ ದೊಡ್ಡ ಮರದ ಮೇಲಕ್ಕೆ ಹಾರಿ ಅಲ್ಲೇ ಮಲಗುತ್ತದೆ. ಮಾಂಸಕ್ಕೆ ಬೆಳೆಸಿದ ಬಿಳಿ ಟರ್ಕಿಗೆ ಅಷ್ಟು ಭಾರ ಎತ್ತಿಕೊಂಡು ಹಾರಲಾಗುವುದಿಲ್ಲ, ನೆಲದಲ್ಲೇ ಪರದಾಡುತ್ತದೆ. ಹಳೆ ತಳಿಗಳು ಹಗುರ, ಅವು ಹಾರುತ್ತವೆ, ಆದ್ದರಿಂದ ಈ ಪರೀಕ್ಷೆ ಪೂರ್ತಿ ನಂಬುವಂಥದ್ದಲ್ಲ.

ಬಿಳಿ ಹಕ್ಕಿ ವಿಷಯ. ಕಣ್ಣು ಗುಲಾಬಿ ಕೆಂಪು ಇದ್ದರೆ ಆಲ್ಬಿನೊ, ಮೈಯಲ್ಲಿ ಎಲ್ಲೂ ಮೆಲನಿನ್ ಇಲ್ಲ ಅಂತ. ಗರಿ ಬಿಳಿ, ಕಣ್ಣು ಮಾಮೂಲಿ ಇದ್ದರೆ ಲ್ಯೂಸಿಸಂ. ಮೈಸೂರು ಝೂನಲ್ಲಿ ಬಿಳಿ ನವಿಲು ನೋಡಿದ್ದೀರಲ್ಲ, ಅದನ್ನು ಎಲ್ಲರೂ ಆಲ್ಬಿನೊ ಅನ್ನುತ್ತಾರೆ. ಅದರ ಕಣ್ಣು ಕೆಂಪಲ್ಲ, ಮುಂದಿನ ಸಲ ಗಮನಿಸಿ. ಕಾಡಿನಲ್ಲಿ ನಿಜವಾದ ಆಲ್ಬಿನೊ ಟರ್ಕಿ ದೊಡ್ಡದಾಗುವುದೇ ಕಷ್ಟ. ಕಣ್ಣು ಮಂಜು, ಬಿಸಿಲು ಚುಚ್ಚುತ್ತದೆ, ಹಸಿರಿನ ನಡುವೆ ಮೈ ಎದ್ದು ಕಾಣುತ್ತದೆ. ಕಯೋಟಿ, ಬಾಬ್‌ಕ್ಯಾಟ್, ದೊಡ್ಡ ಗೂಬೆ ಕಾದು ಕೂತಿರುತ್ತವೆ.

ಕಪ್ಪು ಇನ್ನೊಂದು ತುದಿ. ಮೆಲನಿನ್ ಜಾಸ್ತಿಯಾಗಿ ಮೈಯೆಲ್ಲ ಕಪ್ಪು. ಕಬಿನಿಯ ಕರಿ ಚಿರತೆ ನಿಮಗೆಲ್ಲ ಗೊತ್ತು. ಅದು ಬೇರೆ ಪ್ರಾಣಿ ಅಲ್ಲ, ಚಿರತೆಯೇ, ಬಿಸಿಲಲ್ಲಿ ನೋಡಿದರೆ ಕಪ್ಪಿನೊಳಗೆ ಚುಕ್ಕೆ ಕಾಣುತ್ತದೆ. ಟರ್ಕಿಯಲ್ಲಿ ನೀವು ನೋಡಬೇಕಾದ್ದು ರೆಕ್ಕೆ. ಕಪ್ಪು ಬಿಳಿ ಪಟ್ಟೆ ಸ್ಪಷ್ಟವಾಗಿ ಕಂಡರೆ ಅದು ನೆರಳಲ್ಲಿ ನಿಂತ ಮಾಮೂಲಿ ಹುಂಜ. ನಾನು ಇವತ್ತಿನ ತನಕ ನಿಜವಾದ ಕಪ್ಪು ಟರ್ಕಿ ನೋಡಿಲ್ಲ. ನಿಜವಾದ ಕೆಂಪೂ ನೋಡಿಲ್ಲ, ಅದನ್ನು ಮತ್ತೆ ನೆನಪಿಸಬೇಡಿ.

ಇನ್ನು ಪ್ರವಾಸ ಹೋದಾಗ ಆಗುವ ಗೊಂದಲ. ಬೇಸಿಗೆ ರಜೆಯಲ್ಲಿ ಮೌಂಟ್ ರಶ್ಮೋರ್ ನೋಡುವುದಕ್ಕೆ ಸೌತ್ ಡಕೋಟಕ್ಕೆ ಹೋಗುತ್ತೀರಿ. ಅಲ್ಲಿ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿ ಬಾಲದ ತುದಿ ಕೆನೆ ಬಿಳಿ ಇರುವ ಟರ್ಕಿ ಕಂಡರೆ ವಾಟ್ಸಾಪ್‌ನಲ್ಲಿ "ಸ್ಮೋಕಿ ಸಿಕ್ಕಿತು" ಅಂತ ಹಾಕಬೇಡಿ. ಅದು ಮೆರಿಯಮ್ಸ್ ಅನ್ನುವ ಉಪಜಾತಿ, ಅಲ್ಲಿ ಎಲ್ಲದರ ಬಾಲವೂ ಹಾಗೇ. ಫ್ಲಾರಿಡಾದ ಆಸಿಯೋಲಾಗೆ ರೆಕ್ಕೆಯ ಬಿಳಿ ಪಟ್ಟೆ ಸಪೂರ, ಹಾಗಾಗಿ ಕಪ್ಪಾಗಿ ಕಾಣುತ್ತದೆ. ಟೆಕ್ಸಸ್‌ನ ರಿಯೋ ಗ್ರಾಂಡೆಗೆ ಬಾಲದ ಅಂಚು ತಿಳಿ ಕಂದು. ಇನ್ನೂ ದಕ್ಷಿಣಕ್ಕೆ ಹೋಗಿ ಗ್ವಾಟೆಮಾಲದ ಟಿಕಾಲ್‌ನಲ್ಲಿ ಮಾಯಾ ಗುಡಿಗಳ ಮೆಟ್ಟಿಲ ಹತ್ತಿರ ನೀಲಿ ತಲೆ, ತಲೆ ಮೇಲೆ ಕಿತ್ತಳೆ ಗುಳ್ಳೆ, ಬಾಲದಲ್ಲಿ ನವಿಲಿನ ಥರ ಕಣ್ಣು ಇರುವ ಟರ್ಕಿ ಮೇಯುವುದು ಕಂಡರೆ, ಅದು ಬೇರೆಯೇ ಜಾತಿ, ಆಸಿಲೇಟೆಡ್ ಟರ್ಕಿ. ಎಷ್ಟು ಚೆಂದ ಇದ್ದರೂ ಅದು ಅಲ್ಲಿ ಮಾಮೂಲಿ.

ಇನ್ನೊಂದು ಸಣ್ಣ ಮೋಸ, ಧೂಳು. ಟರ್ಕಿಗಳು ಒಣ ಹುಡಿಮಣ್ಣಿನಲ್ಲಿ ಹೊರಳಾಡುತ್ತವೆ, ಹೇನು ಹೋಗಲಿ ಅಂತ. ಎದ್ದು ಬಂದಾಗ ಮೈಯೆಲ್ಲ ಬೂದಿ. ಮೈ ಕೊಡವಿದರೆ ಬಣ್ಣ ಹೋಗುತ್ತದೆ. ಒಂದು ನಿಮಿಷ ಕಾದು ನೋಡಿ.

ಹಾಗಾದರೆ ಎಲ್ಲಿ, ಯಾವಾಗ ನೋಡಬೇಕು? ನನ್ನ ಮಟ್ಟಿಗೆ ಜನವರಿ ಫೆಬ್ರವರಿಯೇ ಸರಿ. ಎಲೆ ಇಲ್ಲ, ಹಿಂಡು ದೊಡ್ಡದು, ಹೇಂಟೆಗಳು ಒಟ್ಟಿಗೆ, ಹುಂಜಗಳು ಬೇರೆಯಾಗಿ. ಡೇರಿ ಫಾರ್ಮಿನ ಕೊಯ್ದ ಜೋಳದ ಹೊಲ, ಗೊಬ್ಬರ ಹರಡಿದ ಜಾಗ, ಓಕ್ ಕಾಯಿ ಬಿದ್ದ ದಕ್ಷಿಣ ಮುಖದ ಇಳಿಜಾರು, ಇಲ್ಲೆಲ್ಲ ಬರುತ್ತವೆ. ಕಾರಿನಿಂದ ಇಳಿಯಬೇಡಿ, ಕಾರೇ ಒಳ್ಳೆಯ ಮರೆ. ಮನುಷ್ಯ ಇಳಿದ ಕೂಡಲೇ "ಪಟ್, ಪಟ್" ಅಂತ ಒಂದು ಸದ್ದು ಮಾಡಿ ಎಲ್ಲವೂ ಕಾಡಿಗೆ ನುಗ್ಗುತ್ತವೆ. ಜೂನ್‌ನಿಂದ ಆಗಸ್ಟ್ ತನಕ ರಾಜ್ಯದ ವನ್ಯಜೀವಿ ಇಲಾಖೆ ಜನರಿಂದ ಟರ್ಕಿ ಮರಿಗಳ ಲೆಕ್ಕ ಕೇಳುತ್ತದೆ, ನೀವು ಕಂಡದ್ದನ್ನು ಕಳಿಸಿ. ದಯವಿಟ್ಟು ಅಕ್ಕಿ, ಜೋಳ ಹಾಕಿ ಕರೆಯಬೇಡಿ. ಕೈತುತ್ತಿಗೆ ಬಂದ ಹುಂಜ ಏಪ್ರಿಲ್‌ನಲ್ಲಿ ನಿಮ್ಮನ್ನು ತನ್ನ ಹಿಂಡಿನ ಇನ್ನೊಂದು ಬಡಪಾಯಿ ಹುಂಜ ಅಂತ ತಿಳಿದು ಒದೆಯುವುದಕ್ಕೆ ಬರುತ್ತದೆ. ನಿಮ್ಮ ಕಾರಿನ ಬಾಗಿಲಲ್ಲಿ ತನ್ನದೇ ನೆರಳು ಕಂಡು ಅದರ ಜತೆಗೂ ಜಗಳ ಆಡುತ್ತದೆ. ಬಾಗಿಲಿನ ಪೇಂಟ್ ಹೋಗುವುದು ನಿಮ್ಮದು.

ಬಟ್ಟೆಯ ವಿಷಯ ಮಾತ್ರ ಗಂಭೀರವಾಗಿ ಕೇಳಿ. ಏಪ್ರಿಲ್ ಕೊನೆಯಿಂದ ಮೇ ತನಕ ಬೇಟೆ ಸೀಸನ್. ಆಗ ಕಾಡಂಚಿಗೆ ಹೋಗುವಾಗ ಕೆಂಪು, ಬಿಳಿ, ನೀಲಿ, ಕಪ್ಪು ಹಾಕಬೇಡಿ. ಇದು ಹುಂಜದ ತಲೆ ಮತ್ತು ಮೈಯ ಬಣ್ಣ, ಪೊದೆಯ ಸಂದಿಯಲ್ಲಿ ನಿಮ್ಮ ಮಫ್ಲರ್ ಕಂಡು ಯಾರೋ ಗುಂಡು ಹಾರಿಸಬಾರದಲ್ಲ. ಅಮೆರಿಕದ ಬಾವುಟದ ಟೀ ಶರ್ಟ್ ಹಾಕಿಕೊಂಡು ಹೋದರೆ ಮುಗಿಯಿತು. ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಒಂದು ಜಾಕೆಟ್ ಕಾರಿನಲ್ಲಿ ಇಟ್ಟುಕೊಳ್ಳಿ.

ನನ್ನ ಬೂದಿ ಹೇಂಟೆ ಏನಾಯಿತು ಅಂತ ಮುಂದಿನ ಸಾಲಿನವರು ಆಗಲೇ ಕೇಳಿದರು. ಎರಡು ಚಳಿಗಾಲ ಕಂಡೆ. ನಡುವಿನ ಬೇಸಿಗೆಯಲ್ಲಿ ಆರು ಮರಿ ಕರೆದುಕೊಂಡು ಹೊಲದ ಬದಿಗೆ ಬಂತು. ಆರೂ ಕಂದು. ಆಗ ನನಗೆ ಸ್ವಲ್ಪ ಬೇಜಾರಾದದ್ದು ನಿಜ. ಆ ಅಕ್ಟೋಬರ್‌ನಲ್ಲಿ ಅದು ಹೊರಳಾಡಿದ ಧೂಳಿನ ಗುಂಡಿಯಲ್ಲಿ ಈಗ ನಿಮ್ಮ ಕೈಯಲ್ಲಿರುವ ಗರಿ ಸಿಕ್ಕಿತು. ಎರಡನೇ ಚಳಿಗಾಲ ಕಳೆದ ಮೇಲೆ ಅದು ಕಾಣಲಿಲ್ಲ. ಕಾಡು ಹೇಂಟೆಗೆ ಆಯಸ್ಸೇ ಕಮ್ಮಿ, ಬೂದಿ ಬಣ್ಣದ್ದಕ್ಕೆ ಇನ್ನೂ ಕಮ್ಮಿ ಇರಬಹುದು. ಹಿಮದಲ್ಲಿ ಕಾಪಾಡಿದ ಮೈ ಬೇಸಿಗೆಯ ಹಸಿರಿನಲ್ಲಿ ಕಾಪಾಡುವುದಿಲ್ಲ.

ಆಮೇಲೆ ಮೂರು ಚಳಿಗಾಲ ಬರೀ ಮಾಮೂಲಿಯವೇ. ನಾನು ಎಣಿಸುವುದು ಬಿಟ್ಟಿರಲಿಲ್ಲ. ಹೋದ ಭಾನುವಾರ ಅದೇ ಜೋಳದ ಹೊಲದಲ್ಲಿ 31 ಎಣಿಸಿದೆ. ಮತ್ತೆ ಎಣಿಸಿದೆ, 30. ಕಾರಿನ ಗಾಜು ಇಳಿಸಿ, ಉಸಿರು ಹಿಡಿದು, ಒಂದೊಂದಾಗಿ ರೆಕ್ಕೆ, ಬಾಲ, ಎದೆ ನೋಡುತ್ತಾ ಬಂದೆ. ಎಡಗಡೆ ಕೊನೆಯಲ್ಲಿ ಹಿಮದಂತೆ ಕೂತಿತ್ತು. ಹೇಂಟೆ. ಎಳೆಯದು. ರೆಕ್ಕೆಯಲ್ಲಿ ಮಸುಕು ಪಟ್ಟೆ ಇದೆ, ಬಾಲ ಪೂರ್ತಿ ಬಿಳಿ ಅಲ್ಲ, ಕಣ್ಣು ಕಪ್ಪು, ಸಂಜೆ ಎಲ್ಲದರ ಜತೆ ಓಕ್ ಮರಕ್ಕೆ ಹಾರಿತು. ಈ ಸಲ ಕೆಳಗಿನ ರಸ್ತೆಯ ರೈತನ ಮನೆಗೂ ಹೋಗಿ ಕೇಳಿ ಬಂದೆ, ಅವನ ಹಕ್ಕಿಗಳೆಲ್ಲ ಗೂಡಿನಲ್ಲೇ ಇವೆಯಂತೆ.

ಹಳೆಯ ಹೇಂಟೆಯ ಮೊಮ್ಮಗಳೋ ಮರಿಮಗಳೋ, ಸಂಬಂಧವೇ ಇಲ್ಲದ್ದೋ, ಪ್ರಮಾಣ ಮಾಡಿ ಹೇಳಲಾರೆ. ಶನಿವಾರ ಬೆಳಗ್ಗೆ ಆರೂವರೆಗೆ ಹೋಗುತ್ತಿದ್ದೇನೆ, ಕಾರಿನಲ್ಲಿ ಮೂರು ಜನಕ್ಕೆ ಜಾಗ ಇದೆ. ಫ್ಲಾಸ್ಕ್‌ನಲ್ಲಿ ಕಾಫಿ ನನ್ನದು. ಗರಿ ಈಗ ಯಾರ ಹತ್ತಿರ ಇದೆ?